‘ಓ ಮೈ ಡಾಗ್’ ನೋಡಿದ ಮಗಳಿಗೆ ಈಗ ಹಸ್ಕಿನೇ ಬೇಕಂತೆ. ಡೊಂಬಿವಲಿ ಫ್ಲ್ಯಾಟಲ್ಲಿ ಆಗುತ್ತಾ?

ಡೊಂಬಿವಲಿ_ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಎಂಟು ವರ್ಷ. ಮೊನ್ನೆ ಪ್ರೈಮ್‌ನಲ್ಲಿ ‘ಓ ಮೈ ಡಾಗ್’ ಹಾಕಿದ್ದೆವು, 2022ರ ತಮಿಳು ಸಿನಿಮಾ. ಊಟಿಯ ಅರ್ಜುನ್ ಅನ್ನುವ ಹುಡುಗನಿಗೆ ಕಣ್ಣು ಕಾಣದ ಒಂದು ಹಸ್ಕಿ ಜಾತಿಯ ನಾಯಿಮರಿ ಸಿಗುತ್ತದೆ. ಸಿಂಬಾ ಅಂತ ಹೆಸರಿಟ್ಟು ಸಾಕುತ್ತಾನೆ, ಕೊನೆಗೆ ಅದೇ ನಾಯಿ ಸ್ಪರ್ಧೆಗೆ ಇಳಿಯುತ್ತದೆ. ಅಜ್ಜ, ಅಪ್ಪ, ಮಗನ ಪಾತ್ರ ಮಾಡಿದವರು ನಿಜಕ್ಕೂ ಅಜ್ಜ, ಅಪ್ಪ, ಮಗನೇ: ವಿಜಯಕುಮಾರ್, ಅರುಣ್ ವಿಜಯ್, ಅರ್ನವ್. ಅದಕ್ಕೇ ಇರಬೇಕು, ಮನೆಯ ದೃಶ್ಯಗಳು ಅಷ್ಟು ಸಹಜವಾಗಿವೆ.

ಮಗಳು ನಕ್ಕಳು, ಅತ್ತಳು, ಮರುದಿನ ಮತ್ತೆ ಹಾಕಿಸಿಕೊಂಡು ನೋಡಿದಳು. ಈಗ ಅವಳಿಗೆ ಹಸ್ಕಿನೇ ಬೇಕು, ಅದೂ ನೀಲಿ ಕಣ್ಣಿನದು. ಅವಳಪ್ಪ ಆಗಲೇ ಒಬ್ಬ ಬ್ರೀಡರ್ (ನಾಯಿ ಸಾಕಿ ಮರಿ ಮಾರುವವರು) ನಂಬರ್ ತಂದಿದ್ದಾರೆ. ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಮ್ಮದು ನಾಲ್ಕನೇ ಮಹಡಿ, ಸಣ್ಣ ಮನೆ. ನಾವಿಬ್ಬರೂ ಬೆಳಿಗ್ಗೆ ಲೋಕಲ್ ರೈಲು ಹತ್ತಿದರೆ ವಾಪಸ್ ಬರುವುದು ಕತ್ತಲಾದ ಮೇಲೆ. ಅತ್ತೆ ಮನೆಯಲ್ಲಿರುತ್ತಾರೆ. ಅವರಿಗೆ ನಾಯಿ ಅಂದರೆ ಇಷ್ಟ, ಆದರೆ ಮಂಡಿ ನೋವು. ಸಾಕಿದ ಅನುಭವ ಇರುವವರು ದಯವಿಟ್ಟು ಹೇಳಿ.

ಇನ್ನೊಂದು. ಮಗಳು ಎರಡು ಪ್ರಶ್ನೆ ಕೇಳಿದ್ದಾಳೆ, ಗೊತ್ತಿದ್ದವರಿಂದಲೇ ಉತ್ತರ ಬೇಕಂತೆ. ಸಿಂಬಾಗೆ ನಿಜವಾಗಿ ಕಣ್ಣು ಕಾಣುತ್ತಿರಲಿಲ್ವಾ? ತಾನು ಸಿನಿಮಾದಲ್ಲಿದ್ದೇನೆ ಅಂತ ಅದಕ್ಕೆ ಗೊತ್ತಿತ್ತಾ?

ಪನವೇಲ್_ಪಯಣಿಗ

ಹಸ್ಕಿ ಬೇಡ ಅಕ್ಕಾ. ನಮ್ಮ ಬಿಲ್ಡಿಂಗಲ್ಲಿ ಒಂದಿದೆ. ಮೇ ತಿಂಗಳಲ್ಲಿ ಅದು ಬಾತ್‌ರೂಮಿನ ಟೈಲ್ಸ್ ಮೇಲೆ ಮಲಗಿ ಏದುಸಿರು ಬಿಡುವುದನ್ನು ನೋಡಲಾಗುವುದಿಲ್ಲ.

ಐರೋಲಿ_ಶೆಟ್ಟಿ

ನಾನು ಒಪ್ಪುವುದಿಲ್ಲ. ಎಸಿ ಹಾಕಿ ಚೆನ್ನಾಗಿ ಸಾಕಿದವರು ಮುಂಬಯಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಮಗು ಇಷ್ಟಪಟ್ಟು ಕೇಳುತ್ತಿದೆ. ನಾಯಿ ಜೊತೆ ಬೆಳೆದ ಮಕ್ಕಳ ಮನಸ್ಸು ಮೆತ್ತಗಿರುತ್ತದೆ, ನಮ್ಮ ಮನೆಯಲ್ಲೇ ನೋಡಿದ್ದೇನೆ. ಎಲ್ಲದಕ್ಕೂ ಬೇಡ ಬೇಡ ಅಂದರೆ ಮಕ್ಕಳು ಮೊಬೈಲಿಗೇ ಅಂಟಿಕೊಳ್ಳುತ್ತಾರೆ.

ಕೊತ್ರೂಡ್_ಪಶುವೈದ್ಯೆ

ಪುಣೆಯಲ್ಲಿ ಪ್ರಾಕ್ಟೀಸ್ ಮಾಡುತ್ತೇನೆ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಹಸ್ಕಿ ಅಂದರೆ ಸೈಬೀರಿಯಾದ ಚುಕ್ಚಿ ಜನ ಹಿಮದ ಮೇಲೆ ಗಾಡಿ ಎಳೆಯಲು ಬೆಳೆಸಿದ ತಳಿ. ಮೈಮೇಲೆ ಎರಡು ಪದರ ಕೂದಲು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಡುತ್ತದೆ, ಬಾಯಿಯ ತೇವ ಆರಿದ ಹಾಗೆ ಮೈ ತಣ್ಣಗಾಗುತ್ತದೆ. ಮುಂಬಯಿಯ ಗಾಳಿಯಲ್ಲೇ ತೇವ ತುಂಬಿರುತ್ತದೆ, ಅಲ್ಲಿ ಅದು ಆರುವುದು ಹೇಗೆ? ಹಾಗಾಗಿ ಬಿಸಿಲು ಕಡಿಮೆ ಇರುವ ದಿನವೂ ಸೆಕೆ ಇದ್ದರೆ ಅದಕ್ಕೆ ಕಷ್ಟವೇ. ಊಟಿ 2,200 ಮೀಟರಿಗಿಂತ ಎತ್ತರದಲ್ಲಿದೆ. ಸಿನಿಮಾದ ನಾಯಿ ಆ ಚಳಿಯಲ್ಲಿ ಖುಷಿಯಾಗಿ ಓಡಾಡುತ್ತದೆ, ನೋಡಲು ಚಂದ. ಡೊಂಬಿವಲಿಗೆ ಆ ಚಳಿಯನ್ನು ತರಲಾಗುವುದಿಲ್ಲ.

ಶೆಟ್ರೇ, ಎಸಿ ಹಾಕಬಹುದು, ನಿಮ್ಮ ಮಾತು ಸರಿ. ಆದರೆ ಅದು ಮೈಲುಗಟ್ಟಲೆ ಓಡಲೆಂದೇ ಹುಟ್ಟಿದ ನಾಯಿ. ಓಡಲು ಹೊರಗೆ ಹೋಗಲೇಬೇಕು. ಓಟ ಇಲ್ಲದಿದ್ದರೆ ಸೋಫಾ ಹರಿಯುತ್ತದೆ, ಊಳಿಡುತ್ತದೆ, ಆಮೇಲೆ ಸೊಸೈಟಿಯಲ್ಲಿ ಜಗಳ. ಬೇಸಿಗೆಯಲ್ಲಿ ಕೂದಲು ಬೋಳಿಸಿ ಕೊಡಿ ಅಂತ ಬರುತ್ತಾರೆ, ದಯವಿಟ್ಟು ಅದನ್ನೂ ಮಾಡಬೇಡಿ. ಆ ಕೂದಲೇ ಅದನ್ನು ಬಿಸಿಲಿಂದ ಕಾಯುತ್ತದೆ. ಬೋಳಿಸಿದರೆ ಚರ್ಮ ಸುಡುತ್ತದೆ, ಕೆಲವು ನಾಯಿಗಳಿಗೆ ಕೂದಲು ಮತ್ತೆ ಸರಿಯಾಗಿ ಬರುವುದೇ ಇಲ್ಲ.

ಇನ್ನು ಕಣ್ಣಿನ ವಿಷಯ. ನೀಲಿ ಬಣ್ಣಕ್ಕೂ ಕುರುಡಿಗೂ ಸಂಬಂಧ ಇಲ್ಲ, ಹಸ್ಕಿಗೆ ಅದು ಸಹಜ. ಎಲ್ಲ ನಾಯಿಮರಿಗಳೂ ಹುಟ್ಟುವಾಗ ಕಣ್ಣು ಮುಚ್ಚಿಕೊಂಡೇ ಇರುತ್ತವೆ. 10ರಿಂದ 14 ದಿನಕ್ಕೆ ತೆರೆಯುತ್ತವೆ. ಹಸ್ಕಿಗಳಲ್ಲಿ ಎಳೆ ವಯಸ್ಸಿಗೇ ಕಣ್ಣಿನ ಪೊರೆ ಬರುವುದುಂಟು, ವಂಶದಿಂದ ಬರುತ್ತದೆ. ಪೊರೆ ಆದರೆ ಆಪರೇಷನ್ ಇದೆ, ಮನುಷ್ಯರಿಗೆ ಮಾಡುವ ರೀತಿಯಲ್ಲೇ. ಆದರೆ ರೆಟಿನಾ, ಅಂದರೆ ಕಣ್ಣಿನ ಒಳಗಿನ ಪರದೆ, ಚೆನ್ನಾಗಿದ್ದರೆ ಮಾತ್ರ ಉಪಯೋಗ. ರೆಟಿನಾ ಸವೆಯುವ ಕಾಯಿಲೆ ಆಗಿದ್ದರೆ ಆಪರೇಷನ್‌ನಿಂದ ದೃಷ್ಟಿ ಬರುವುದಿಲ್ಲ. ಅದಕ್ಕೇ ಮೊದಲು ರೆಟಿನಾ ಕೆಲಸ ಮಾಡುತ್ತಿದೆಯಾ ಅಂತ ನೋಡಲು ಇಆರ್‌ಜಿ ಅಂತ ಒಂದು ಪರೀಕ್ಷೆ ಮಾಡುತ್ತಾರೆ. ಅಂದರೆ ಸಿನಿಮಾದಲ್ಲಿ ಆಪರೇಷನ್ ಆಗಿ ಸಿಂಬಾಗೆ ದೃಷ್ಟಿ ಬಂದದ್ದು ಸುಳ್ಳಲ್ಲ, ಎಲ್ಲ ನಾಯಿಗೂ ಆಗುವಂಥದ್ದೂ ಅಲ್ಲ.

ಚೆಂಬೂರ್_ಟೀಚರ್

ಮೇಡಂ, ಕಣ್ಣಿನ ಮಾತು ಬಂದದ್ದಕ್ಕೆ ಕೇಳುತ್ತೇನೆ. ನಾನು ವಿಶೇಷ ಅಗತ್ಯದ ಮಕ್ಕಳಿಗೆ ಪಾಠ ಮಾಡುವವಳು. ಸಿನಿಮಾದ ಮೊದಲ ಅರ್ಧ ನನಗೆ ತುಂಬಾ ಇಷ್ಟ ಆಯಿತು. ಕಾಣದ ಮರಿಗೆ ಆ ಹುಡುಗ ದಾರಿ ಕಲಿಸುವುದು, ಮರಿ ಅವನ ದನಿಯನ್ನು ನಂಬುವುದು. ಆಮೇಲೆ ಆಪರೇಷನ್ ಆಗುತ್ತದೆ, ದೃಷ್ಟಿ ಬರುತ್ತದೆ, ಆಮೇಲೆ ಗೆಲ್ಲುತ್ತದೆ. ಅಂದರೆ ಕಣ್ಣು ಬಂದಿದ್ದಕ್ಕೆ ಗೆದ್ದಿತು ಅಂತಾಯಿತು, ಅಲ್ವಾ? ನನ್ನ ಕ್ಲಾಸಿನ ಮಕ್ಕಳಿಗೆ ಆಪರೇಷನ್ ಇಲ್ಲ. ಕಾಣದೆಯೇ ಒಂದು ನಾಯಿ ಎಷ್ಟು ಮಾಡಬಲ್ಲದು ಅಂತ ತೋರಿಸಿದ್ದರೆ ಆ ಮಕ್ಕಳ ಪಾಲಿಗೆ ಅದೇ ದೊಡ್ಡ ಸಿನಿಮಾ ಆಗುತ್ತಿತ್ತು.

ಐರೋಲಿ_ಶೆಟ್ಟಿ

ಟೀಚರೇ, ಮಕ್ಕಳ ಸಿನಿಮಾ. ಸುಖಾಂತ ಬೇಡವಾ?

ಚೆಂಬೂರ್_ಟೀಚರ್

ಬೇಕು. ಕಾಣದ ನಾಯಿ ಸುಖವಾಗಿ ಬಾಳಿದರೂ ಅದು ಸುಖಾಂತವೇ ಅಂತ ನನ್ನ ಮಾತು.

ಕೊತ್ರೂಡ್_ಪಶುವೈದ್ಯೆ

ಟೀಚರ್ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ, ಯಾಕೆಂದರೆ ಅಂಥ ನಾಯಿಗಳನ್ನು ನಾನು ನೋಡುತ್ತಲೇ ಇರುತ್ತೇನೆ. ನಮ್ಮ ಮೂಗಲ್ಲಿ ವಾಸನೆ ಹಿಡಿಯುವ ಕಣ 50-60 ಲಕ್ಷ ಇದ್ದರೆ ನಾಯಿಯ ಮೂಗಲ್ಲಿ 20 ಕೋಟಿಗೂ ಜಾಸ್ತಿ. ನಾವು ಕಣ್ಣಿಂದ ಬದುಕುತ್ತೇವೆ, ಅದು ಮೂಗಿಂದ ಬದುಕುತ್ತದೆ. ಕಣ್ಣು ಹೋದ ನಾಯಿ ಮನೆಯ ನಕ್ಷೆಯನ್ನು ಬೇಗ ಕಲಿಯುತ್ತದೆ. ನಾವು ಮಾಡಬೇಕಾದದ್ದು ಸ್ವಲ್ಪವೇ. ಕುರ್ಚಿ ಮೇಜು ದಿನಾ ಜಾಗ ಬದಲಿಸಬಾರದು, ನೀರಿನ ಬಟ್ಟಲು ಒಂದೇ ಕಡೆ ಇರಬೇಕು, ಮುಟ್ಟುವ ಮೊದಲು ಹೆಸರು ಹಿಡಿದು ಕರೆಯಬೇಕು, ಮೆಟ್ಟಿಲಿಗೆ ಅಡ್ಡ ಇಡಬೇಕು. ಎಷ್ಟೋ ಸಲ ಮಾಲೀಕರಿಗೇ ತಿಂಗಳುಗಟ್ಟಲೆ ಗೊತ್ತಾಗಿರುವುದಿಲ್ಲ. ಮನೆ ಬದಲಿಸಿದಾಗ ಗೋಡೆಗೆ ಡಿಕ್ಕಿ ಹೊಡೆಯಿತು ಅಂತ ಕರೆತರುತ್ತಾರೆ.

ಅಂಧೇರಿ_ಎಡಿಟರ್

ಮಗಳ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಜಾಹೀರಾತು, ಸಿನಿಮಾ ಎಡಿಟಿಂಗ್ ನನ್ನ ಕೆಲಸ, ನಾಯಿ ಇರುವ ಶೂಟಿಂಗಿನ ಫುಟೇಜ್ ಸಾಕಷ್ಟು ಕತ್ತರಿಸಿದ್ದೇನೆ.

ಪುಟ್ಟೀ, ನಾಯಿಗೆ ಕಥೆ ಗೊತ್ತಿರುವುದಿಲ್ಲ. ಅದಕ್ಕೆ ಗೊತ್ತಿರುವುದು ಟ್ರೇನರ್ ಮಾತ್ರ. ಪರದೆ ಮೇಲೆ ನಾಯಿ ಹುಡುಗನ ಮುಖವನ್ನೇ ಪ್ರೀತಿಯಿಂದ ನೋಡುತ್ತಿದೆ ಅನ್ನಿಸುತ್ತದಲ್ಲ, ಆಗ ಹೆಚ್ಚಿನ ಸಲ ಅದು ನೋಡುತ್ತಿರುವುದು ಕ್ಯಾಮೆರಾ ಪಕ್ಕದಲ್ಲಿ ತಿಂಡಿ ಹಿಡಿದು ನಿಂತ ಟ್ರೇನರ್‌ನನ್ನು. ತಲೆ ವಾರೆ ಮಾಡಿ ‘ಏನು’ ಅಂತ ಕೇಳುವ ಹಾಗೆ ನೋಡುತ್ತದಲ್ಲ, ಆಗ ಯಾರೋ ವಿಚಿತ್ರ ಸದ್ದು ಮಾಡಿರುತ್ತಾರೆ. ದುಃಖದಿಂದ ನೆಲಕ್ಕೆ ಗಲ್ಲ ಇಟ್ಟು ಮಲಗುವುದು ಕಲಿಸಿದ ಒಂದು ಪಾಠ, ತಲೆ ಕೆಳಗೆ ಅಂದರೆ ಕೆಳಗೆ ಇಡುತ್ತದೆ. ಅದಕ್ಕೆ ನಾವು ಸಂಗೀತ ಸೇರಿಸುತ್ತೇವೆ, ಪಕ್ಕದಲ್ಲಿ ಅಳುವ ಹುಡುಗನ ಶಾಟ್ ಇಡುತ್ತೇವೆ, ಆಗ ನಿನಗೂ ಅಳು ಬರುತ್ತದೆ. ಕಣ್ಣು ಕಾಣದ ಹಾಗೆ ತೋರಿಸುವುದನ್ನೂ ಹೀಗೇ ಸಣ್ಣ ಸಣ್ಣ ಶಾಟ್ ಜೋಡಿಸಿ ಮಾಡಬಹುದು. ಒಂದೇ ಪಾತ್ರಕ್ಕೆ ಒಂದಕ್ಕಿಂತ ಹೆಚ್ಚು ನಾಯಿ ಬಳಸುವುದೂ ಇದೆ. 1943ರ ‘ಲ್ಯಾಸಿ ಕಮ್ ಹೋಮ್’ನಲ್ಲಿ ಲ್ಯಾಸಿ ಹೆಣ್ಣು ನಾಯಿ, ಆ ಪಾತ್ರ ಮಾಡಿದ್ದು ಪಾಲ್ ಅನ್ನುವ ಗಂಡು ನಾಯಿ!

ದೊಡ್ಡವರಿಗೆ ಒಂದು ಮಾತು. ನಮ್ಮಲ್ಲಿ ಪ್ರಾಣಿಗಳನ್ನು ಇಟ್ಟು ಶೂಟಿಂಗ್ ಮಾಡಲು 2001ರ ನಿಯಮ ಇದೆ, ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕೇ ಬೇಕು. ಸಿನಿಮಾದ ಶುರುವಲ್ಲಿ ಪ್ರಾಣಿಗಳಿಗೆ ಹಿಂಸೆ ಮಾಡಿಲ್ಲ ಅಂತ ಬರುವ ಬರಹವನ್ನು ಮಕ್ಕಳಿಗೆ ಓದಿ ಹೇಳಿ. ಟ್ರೇನರ್ ಕೆಲಸದ ಬಗ್ಗೆಯೂ ಹೇಳಿ. ನಾಯಿಯ ಸಂಯಮ, ಟ್ರೇನರ್‌ನ ತಾಳ್ಮೆ ಗೊತ್ತಾದರೆ ಸಿನಿಮಾದ ಮೇಲಿನ ಪ್ರೀತಿ ಕಡಿಮೆ ಆಗುವುದಿಲ್ಲ. ನನಗಂತೂ ಜಾಸ್ತಿಯೇ ಆಗಿದೆ.

ಡೊಂಬಿವಲಿ_ಅಮ್ಮ

ಸರ್, ನಿಮ್ಮ ಉತ್ತರವನ್ನು ಮಗಳಿಗೆ ಜೋರಾಗಿ ಓದಿ ಹೇಳಿದೆ. ‘ಹಾಗಾದರೆ ಆ ಟ್ರೇನರ್‌ಗೂ ಪ್ರೈಜ್ ಕೊಡಬೇಕಿತ್ತು’ ಅಂದಳು.

ಕಲ್ಯಾಣ್_ಕಾಮತ್

ಯಾರೂ ಮುಖ್ಯ ಮಾತು ಹೇಳಲೇ ಇಲ್ಲ. ಸಿನಿಮಾದ ವಿಲನ್ ಯಾರು? ಬ್ರೀಡರ್! ಸ್ಪರ್ಧೆ ಗೆಲ್ಲುವ ನಾಯಿ ಬೇಕು, ಕುರುಡು ಮರಿ ಹುಟ್ಟಿದೆ ಅಂತ ಗೊತ್ತಾದರೆ ಹೆಸರು ಕೆಡುತ್ತದೆ, ಅದಕ್ಕೆ ಆ ಮರಿಯನ್ನು ಮುಗಿಸಿಬಿಡಿ ಅನ್ನುತ್ತಾನೆ. ಇಡೀ ಕಥೆ ನಿಂತಿರುವುದೇ ಅದರ ಮೇಲೆ. ಯಾರಿಗೂ ಬೇಡವಾದ ಮರಿಯನ್ನು ಒಬ್ಬ ಹುಡುಗ ಎತ್ತಿಕೊಂಡು ಹೋಗುತ್ತಾನೆ. ಆ ಸಿನಿಮಾ ನೋಡಿ ಕಣ್ಣೀರು ಹಾಕಿ, ಮರುದಿನ ನಾವು ಬ್ರೀಡರ್‌ಗೆ ಫೋನ್ ಮಾಡಿ ‘ನೀಲಿ ಕಣ್ಣಿನ ಹಸ್ಕಿ ಇದೆಯಾ, ರೇಟ್ ಎಷ್ಟು’ ಅಂತ ಕೇಳಿದರೆ ನಾವು ಯಾರ ಕಡೆ ನಿಂತ ಹಾಗಾಯಿತು? ಅಕ್ಕಾ, ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ. ನಮ್ಮ ಪಕ್ಕದ ಮನೆಯವರು ಹೀಗೇ ತಂದರು. ಮರಿಗೆ ಇನ್ನೂ ತಾಯಿ ಹಾಲು ಬಿಟ್ಟಿರಲಿಲ್ಲ, ತಾಯಿಯನ್ನು ತೋರಿಸಿ ಅಂದರೆ ಮಾರಿದವನು ತೋರಿಸಲಿಲ್ಲ. ವಾರದೊಳಗೆ ವಾಂತಿ, ರಕ್ತ ಭೇದಿ. ಪಾರ್ವೋ ಅನ್ನುವ ವೈರಸ್ ಕಾಯಿಲೆ. ಉಳಿಯಲಿಲ್ಲ. ಆ ಮನೆಯ ಮಕ್ಕಳ ಅಳು ಗೋಡೆ ದಾಟಿ ನಮಗೆ ಕೇಳುತ್ತಿತ್ತು. ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಕೊತ್ರೂಡ್_ಪಶುವೈದ್ಯೆ

ಕಾಮತರು ಹೇಳಿದ್ದು ನೂರಕ್ಕೆ ನೂರು ನಿಜ. 2017ರ ನಿಯಮದ ಪ್ರಕಾರ ಬ್ರೀಡರ್ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನೋಂದಣಿ ಪತ್ರ ತೋರಿಸದಿದ್ದರೆ, ತಾಯಿಯನ್ನು ತೋರಿಸದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಇದು ಒಂದು ಸಿನಿಮಾದ ಮಾತಲ್ಲ. ನಮ್ಮ ‘777 ಚಾರ್ಲಿ’ ನೆನಪಿಸಿಕೊಳ್ಳಿ, 2022ರ ಜೂನ್‌ನಲ್ಲಿ ಬಂತು. ಅಲ್ಲೂ ಚಾರ್ಲಿ ಕ್ರೂರಿ ಬ್ರೀಡರ್ ಒಬ್ಬನಿಂದ ತಪ್ಪಿಸಿಕೊಂಡು ಬಂದ ನಾಯಿ. ಹತ್ತಿರದ ಸಂಬಂಧದ ನಾಯಿಗಳನ್ನೇ ಕೂಡಿಸಿ ಮರಿ ಹಾಕಿಸುವುದರಿಂದ ಬರುವ ತೊಂದರೆಯನ್ನು ಸಿನಿಮಾ ಬಿಡಿಸಿ ಹೇಳುತ್ತದೆ. ಆ ಸಿನಿಮಾ ಬಂದ ಮೇಲೆ ನನ್ನ ಕ್ಲಿನಿಕ್‌ಗೆ ಹೊಸ ಲ್ಯಾಬ್ರಡಾರ್ ಮರಿ ಹಿಡಿದುಕೊಂಡು ಬಂದವರಲ್ಲಿ ‘ಚಾರ್ಲಿ ಥರಾನೇ ಬೇಕು ಅಂತ ತಂದೆವು’ ಅಂದವರು ಇದ್ದರು. ತಳಿ ಮನಸ್ಸಲ್ಲಿ ಉಳಿಯುತ್ತದೆ, ಕಥೆ ಮರೆತುಹೋಗುತ್ತದೆ. ಇದು ನನಗೆ ತುಂಬಾ ಬೇಸರದ ವಿಷಯ.

ಮಾಟುಂಗಾ_ಹಿರಿಯ

ಚಾರ್ಲಿಯ ಮಾತು ಬಂದದ್ದಕ್ಕೆ ಎರಡು ಸಾಲು. ಆ ಸಿನಿಮಾದ ನಾಯಕನಿಗೆ ಧರ್ಮ ಅಂತ ಹೆಸರು. ಧರ್ಮರಾಯ ಹಿಮಾಲಯ ಹತ್ತುವಾಗ ತಮ್ಮಂದಿರು, ದ್ರೌಪದಿ ಒಬ್ಬೊಬ್ಬರಾಗಿ ಬಿದ್ದುಹೋದರು, ನಾಯಿ ಮಾತ್ರ ಜೊತೆ ಬಂತು. ಇಂದ್ರ ರಥ ತಂದಾಗ ಈ ನಾಯಿಯನ್ನು ಬಿಟ್ಟು ಬರಲಾರೆ ಅಂದ. ಸಿನಿಮಾದಲ್ಲೂ ಅವನು ನಾಯಿಯನ್ನು ಕರೆದುಕೊಂಡು ಹಿಮ ನೋಡಲು ಹೊರಡುತ್ತಾನೆ. ಕಥೆ ಅಲ್ಲಿಂದಲೇ ಬಂದಿದೆ ಅಂತ ನಮ್ಮ ವಯಸ್ಸಿನವರಿಗೆ ತಕ್ಷಣ ಹೊಳೆಯುತ್ತದೆ. ಆ ಸಿನಿಮಾಕ್ಕೆ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರ ಪ್ರಶಸ್ತಿಯೂ ಬಂತು.

ಇನ್ನೊಂದು ಕಥೆ ಮಕ್ಕಳಿಗೆ ಹೇಳಲೇಬೇಕು, ಇದು ಕಲ್ಲಿನ ಮೇಲೆ ಬರೆದಿಟ್ಟ ನಿಜ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ, ಸುಮಾರು 949-950ರದು. ತಕ್ಕೋಲದ ಯುದ್ಧದಲ್ಲಿ ಮಣಲೇರ ಅನ್ನುವ ವೀರ ಚೆನ್ನಾಗಿ ಹೋರಾಡಿದ. ಗಂಗರ ದೊರೆ ಬೂತುಗ ಮೆಚ್ಚಿ ಏನು ಬೇಕು ಕೇಳು ಅಂದ. ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಅನ್ನುವ ನಾಯಿಯನ್ನು ಕೊಡಿ ಅಂದ. ಆಮೇಲೆ ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಕಾದಾಡಿತು, ಎರಡೂ ಸತ್ತವು. ಮಣಲೇರ ತನ್ನ ನಾಯಿಗೆ ವೀರಗಲ್ಲು ನಿಲ್ಲಿಸಿದ, ಅದಕ್ಕೆ ಪೂಜೆ ನಡೆಯಲಿ ಅಂತ ಭೂಮಿ ಬಿಟ್ಟ. ಕಲ್ಲಲ್ಲಿ ನಾಯಿ, ಹಂದಿ ಕಾದಾಡುವ ಚಿತ್ರವೇ ಇದೆ. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ರಜೆಗೆ ಊರಿಗೆ ಹೋದಾಗ ಮಕ್ಕಳಿಗೆ ತೋರಿಸಿ. ನಾಯಿಯ ಮೇಲಿನ ಪ್ರೀತಿ ನಮಗೆ ಸಿನಿಮಾ ಕಲಿಸಿದ್ದಲ್ಲ.

ಪುಣೆಯಲ್ಲಿ ಇರುವವರು ಜೇಜುರಿಗೂ ಹೋಗಿ. ಅಲ್ಲಿನ ಖಂಡೋಬಾ ನಮ್ಮ ಮೈಲಾರಲಿಂಗನೇ. ಅವನ ಜೊತೆ ನಾಯಿ ಇದ್ದೇ ಇರುತ್ತದೆ.

ವಾಸ್ಕೋ_ಬಾಗಲಕೋಟಿ

ಅಜ್ಜಾರಿಗೆ ನಮಸ್ಕಾರ. ಆತಕೂರಿನ ಕಥೆ ನನಗೆ ಗೊತ್ತಿರಲಿಲ್ಲ, ಬಹಳ ಖುಷಿ ಆಯಿತು.

ನಾನು ಬಾಗಲಕೋಟೆ ಕಡೆಯವನು, ಈಗ ಗೋವಾದಲ್ಲಿ ಕೆಲಸ. ನಮ್ಮ ಮುಧೋಳ ನಾಯಿಯ ಬಗ್ಗೆ ಯಾರೂ ಸಿನಿಮಾ ಮಾಡುವುದಿಲ್ಲ ಅಂತ ಬೇಜಾರು. 2005ರಲ್ಲಿ ಅಂಚೆ ಚೀಟಿ ಬಂತು, ಮೀರತ್‌ನಲ್ಲಿ ಸೇನೆಯವರು ತರಬೇತಿ ಕೊಟ್ಟರು. ನಮ್ಮ ಬಿಸಿಲಿಗೆ ಒಗ್ಗಿದ ನಾಯಿ. ಆದರೆ ಅಕ್ಕಾ, ಫ್ಲ್ಯಾಟಿಗೆ ಅದನ್ನೂ ತರಬೇಡಿ. ಅದು ಹೊಲದಲ್ಲಿ ಮೊಲದ ಬೆನ್ನು ಹತ್ತುವ ನಾಯಿ, ಬಯಲು ಬೇಕು.

ನಾನು ಸಾಕಿರುವುದು ಬೀದಿಯ ಹೆಣ್ಣು ನಾಯಿ. ಮಳೆಗಾಲದಲ್ಲಿ ನಾವಿರುವ ಬಿಲ್ಡಿಂಗಿನ ಮೆಟ್ಟಿಲ ಕೆಳಗೆ ಮರಿಯಾಗಿ ಸಿಕ್ಕಿತು. ಗಿಡ್ಡ ಕೂದಲು, ಸೆಕೆ ತಡೆಯುತ್ತದೆ, ಚರ್ಮದ ಕಾಯಿಲೆ ಅಂತ ಬಂದೇ ಇಲ್ಲ. ಅನ್ನ, ಮೊಟ್ಟೆ, ಸ್ವಲ್ಪ ಚಿಕನ್ ತಿನ್ನುತ್ತದೆ. ನಾನು ಶಿಫ್ಟ್ ಮುಗಿಸಿ ಬರುವ ಬೈಕ್ ಸದ್ದನ್ನು ತಿರುವಿನಲ್ಲೇ ಗುರುತಿಸುತ್ತದೆ, ಬೇರೆ ಬೈಕಿಗೆ ತಲೆ ಎತ್ತುವುದೂ ಇಲ್ಲ. ರಾತ್ರಿ ಪಕ್ಕದ ಮನೆಯ ಅಜ್ಜಿ ಬಿದ್ದಾಗ ಬಾಗಿಲು ಕೆರೆದು ನಮ್ಮನ್ನು ಎಬ್ಬಿಸಿದ್ದು ಅದೇ. ಅಸಾಧಾರಣ ನಾಯಿ ಅಂದರೆ ಇನ್ನೇನು ಬೇಕು ಹೇಳಿ? ಯಾವ ಸ್ಪರ್ಧೆಯನ್ನೂ ಗೆದ್ದಿಲ್ಲ, ಗೆಲ್ಲಬೇಕಾಗಿಯೂ ಇಲ್ಲ.

ಗೋವಾದ ಇನ್ನೊಂದು ಒಳ್ಳೆಯ ವಿಷಯ. ಇಲ್ಲಿ ಸರ್ಕಾರದ ಜೊತೆ ಸೇರಿ ಮಿಷನ್ ರೇಬೀಸ್ ಅನ್ನುವ ಸಂಸ್ಥೆಯವರು ಬೀದಿ ನಾಯಿಗಳಿಗೆ ಲಸಿಕೆ ಹಾಕುತ್ತಾರೆ, ಶಾಲೆಗಳಿಗೆ ಹೋಗಿ ಮಕ್ಕಳಿಗೆ ಪಾಠ ಮಾಡುತ್ತಾರೆ. ಮಲಗಿದ ನಾಯಿಯನ್ನು ಮುಟ್ಟಬೇಡ, ತಿನ್ನುವಾಗ ಹತ್ತಿರ ಹೋಗಬೇಡ, ಓಡಿ ಬಂದರೆ ಮರದ ಹಾಗೆ ಅಲ್ಲಾಡದೆ ನಿಲ್ಲು. ಸಿನಿಮಾದ ನಾಯಿ ನೋಡಿದ ಮಕ್ಕಳು ಬೀದಿಯ ನಾಯಿಯನ್ನು ತಬ್ಬಿಕೊಳ್ಳಲು ಹೋಗುತ್ತಾರೆ, ಇದನ್ನು ಕಲಿಸಲೇಬೇಕು.

ಕೊತ್ರೂಡ್_ಪಶುವೈದ್ಯೆ

ಅದರ ಜೊತೆಗೆ ಇದೂ ಇರಲಿ. ನಾಯಿ ಕಚ್ಚಿದರೆ ಅಥವಾ ಉಗುರು ತಾಗಿ ರಕ್ತ ಬಂದರೆ ತಕ್ಷಣ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಬೇಕು, ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು. ಅರಿಶಿನ, ಖಾರದ ಪುಡಿ ಏನೂ ಹಾಕಬೇಡಿ. ಮನೆಯ ನಾಯಿ ಆದರೂ ಅಷ್ಟೇ.

ಡೊಂಬಿವಲಿ_ಅಮ್ಮ

ಎಲ್ಲ ಓದಿದೆವು, ಮೂರು ಜನವೂ ಸೇರಿ. ಕಾಮತರ ಮಾತು ಓದಿದ ಮೇಲೆ ಮಗಳೇ ಅಪ್ಪನಿಗೆ ‘ಆ ನಂಬರ್ ತೆಗೆದುಬಿಡು’ ಅಂದಳು. ಅರ್ಜುನ್ ದುಡ್ಡು ಕೊಟ್ಟು ತಂದಿರಲಿಲ್ಲ ಅಂತ ಅವಳಿಗೆ ತಾನಾಗೇ ಹೊಳೆಯಿತು. ಅವಳಪ್ಪನೂ ಒಪ್ಪಿದರು. ಈಗ ದತ್ತು ತೆಗೆದುಕೊಳ್ಳೋಣ ಅಂತ ಇದ್ದೇವೆ. ಮಗಳಿಗೆ ಪುಟ್ಟ ಮರಿಯೇ ಬೇಕು. ಇನ್ನು ನಮ್ಮ ಸೊಸೈಟಿ ಸೆಕ್ರೆಟರಿ ಮೊದಲೇ ‘ನಾಯಿ ಇದ್ದರೆ ಲಿಫ್ಟ್ ಬಳಸುವಂತಿಲ್ಲ’ ಅಂದಿದ್ದಾರೆ. ಅತ್ತೆಗೆ ಮೆಟ್ಟಿಲು ಆಗುವುದಿಲ್ಲ. ಏನು ಮಾಡಲಿ?

ಕಲ್ಯಾಣ್_ಕಾಮತ್

ತುಂಬಾ ಸಂತೋಷ ಅಕ್ಕಾ. ಲಿಫ್ಟ್ ವಿಷಯಕ್ಕೆ ಹೆದರಬೇಡಿ. ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಬಹುಮತ ಇದ್ದರೂ ಸೊಸೈಟಿ ನಾಯಿ ಸಾಕಬೇಡಿ ಅನ್ನುವಂತಿಲ್ಲ, ಲಿಫ್ಟ್ ಬೇಡ ಅನ್ನುವಂತಿಲ್ಲ. ಅದರ ಪ್ರಿಂಟ್ ತೆಗೆದು, ಲಸಿಕೆ ಪುಸ್ತಕದ ಜೆರಾಕ್ಸ್ ಜೊತೆ ಸೆಕ್ರೆಟರಿಗೆ ನಯವಾಗಿ ಕೊಡಿ. ಪಾಲಿಕೆಯಲ್ಲಿ ಲೈಸೆನ್ಸ್ ಮಾಡಿಸಿ. ನಾಯಿ ಗಲೀಜು ಮಾಡಿದರೆ ನೀವೇ ತೆಗೆಯಿರಿ, ಆಗ ಯಾರಿಗೂ ಬಾಯಿ ತೆರೆಯಲು ಆಗುವುದಿಲ್ಲ.

ಮಾಟುಂಗಾ_ಹಿರಿಯ

ನಾಯಿಗೆ ಹುಷಾರಿಲ್ಲದಿದ್ದರೆ ಮುಂಬಯಿಯ ಪರೇಲಿನಲ್ಲಿ ಪ್ರಾಣಿಗಳ ಬೈಲ್ ಘೋಡಾ ಆಸ್ಪತ್ರೆ ಇದೆ ತಾಯಿ, 1883ರಿಂದ ನಡೆಯುತ್ತಿದೆ. ಬೋರ್ಡಿನ ಮೇಲೆ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಆಸ್ಪತ್ರೆ ಅಂತ ಇರುತ್ತದೆ. ನಿಮಗೆ ದೂರ ಆಗುತ್ತದೆ, ಆದರೂ ದೊಡ್ಡ ಕಾಯಿಲೆಗೆ ನೆನಪಿರಲಿ.

ಕೊತ್ರೂಡ್_ಪಶುವೈದ್ಯೆ

ಪುಟ್ಟ ಮರಿಯ ಬದಲು ಎರಡು ಮೂರು ವರ್ಷದ ನಾಯಿಯನ್ನು ನೋಡಿ ಅಂತ ನನ್ನ ಸಲಹೆ. ಮರಿ ಎರಡು ಗಂಟೆಗೊಮ್ಮೆ ಉಚ್ಚೆ ಮಾಡುತ್ತದೆ, ಹಲ್ಲು ಬರುವಾಗ ಕೈಕಾಲು ಕಚ್ಚುತ್ತದೆ, ಕಾಲಿಗೆ ಸಿಕ್ಕಿಕೊಂಡರೆ ಅತ್ತೆ ಬೀಳಬಹುದು. ಹಗಲೆಲ್ಲ ಅವರೊಬ್ಬರೇ ಇರುತ್ತಾರೆ ಅಲ್ವಾ? ಬೆಳೆದ ನಾಯಿಯ ಸ್ವಭಾವ ಏನು ಅಂತ ಮೊದಲೇ ಗೊತ್ತಾಗುತ್ತದೆ. ಶೆಲ್ಟರ್‌ನವರನ್ನು ಕೇಳಿ, ಮಕ್ಕಳ ಜೊತೆ ಹೇಗಿದೆ, ಹಗ್ಗ ಹಾಕಿದರೆ ಎಳೆಯುತ್ತದಾ, ಒಂಟಿಯಾಗಿ ಬಿಟ್ಟರೆ ಕೂಗುತ್ತದಾ ಅಂತ. ಅತ್ತೆಯನ್ನೂ ಕರೆದುಕೊಂಡು ಹೋಗಿ. ಅವರ ಪಕ್ಕದಲ್ಲಿ ಸುಮ್ನೆ ಕೂರುವ ನಾಯಿ ಸಿಕ್ಕರೆ ಅದನ್ನೇ ತನ್ನಿ, ಬಣ್ಣ ನೋಡಬೇಡಿ. ಬೆಳಿಗ್ಗೆ ನೀವು ಲೋಕಲ್ ಹತ್ತುವ ಮೊದಲು ಅರ್ಧ ಗಂಟೆ, ಸಂಜೆ ಮಗಳು ಮತ್ತು ಅಪ್ಪ ಅರ್ಧ ಗಂಟೆ ಓಡಾಡಿಸಿದರೆ ಸಾಕು.

ಲಸಿಕೆ ಪುಸ್ತಕದಲ್ಲಿ ರೇಬೀಸ್ ಜೊತೆಗೆ ಸೆವೆನ್ ಇನ್ ಒನ್, ಅಂದರೆ ಹಲವು ಕಾಯಿಲೆಗೆ ಒಟ್ಟಿಗೆ ಹಾಕುವ ಲಸಿಕೆ, ಕೂಡ ಇದೆಯಾ ನೋಡಿ. ಅದರಲ್ಲಿ ಲೆಪ್ಟೋ (ಲೆಪ್ಟೋಸ್ಪೈರೋಸಿಸ್, ಅಂದರೆ ಇಲಿ ಜ್ವರ) ಕಾಯಿಲೆಗೂ ಲಸಿಕೆ ಇರುತ್ತದೆ. ಜೂನ್‌ನಲ್ಲಿ ನಿಮ್ಮ ಕಡೆ ರಸ್ತೆ ಮೇಲೆ ನೀರು ನಿಲ್ಲುತ್ತದಲ್ಲ, ಇಲಿಯ ಉಚ್ಚೆ ಬೆರೆತ ಆ ನೀರಿಂದಲೇ ಲೆಪ್ಟೋ ಬರುವುದು. ಮಳೆ ಶುರುವಾಗುವ ಮೊದಲೇ ಹಾಕಿಸಿಬಿಡಿ.